ಒಂಬತ್ತನೇ ವಿಲ್ಲಾದ ಬಾಗಿಲು

ಬಟ್ಟೆ ಒಗೆಯುವ ಒಂದು ಮೆಷಿನ್ ಬೇಕಿತ್ತು, ಅಷ್ಟೇ. ರಿಫೈನರಿಯ ಹಿಂಬದಿಯ ಒಂದು ಕಾಂಪೌಂಡನ್ನು ಖಾಲಿ ಮಾಡುತ್ತಿದ್ದಾರೆ, ಗುತ್ತಿಗೆ ಮುಗಿದು ಅಲ್ಲಿದ್ದ ಸಂಸಾರಗಳೆಲ್ಲ ತಮ್ಮ ದೇಶಕ್ಕೆ ಹೋಗಿವೆ, ಸಾಮಾನು ಮಾರುತ್ತಿದ್ದಾರೆ ಎಂದು ನನ್ನ ಗಂಡ ಸುಧಾಕರ ಸುದ್ದಿ ತಂದರು. ಯಾವ ಕಾಂಪೌಂಡ್ ಎಂದು ಬೇಕೆಂದೇ ಹೇಳಲಿಲ್ಲ. ಹೇಳಿದ್ದರೆ ನಾನು ಹೊರಡುತ್ತಿರಲಿಲ್ಲ ಎಂದು ಅವರಿಗೆ ಗೊತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟಾದರೂ ಕಲಿತಿದ್ದಾರೆ. ಶುಕ್ರವಾರದ ನಮಾಜು ಮುಗಿಸಿ ಬಂದ ಇಬ್ರಾಹಿಮಣ್ಣನ ಪಿಕಪ್ಪಿನಲ್ಲಿ ನಾನು, ಇವರು, ಮಗಳು ಅನಘಾ ಮೂವರೂ ಹತ್ತಿ ಕುಳಿತೆವು. ಇಬ್ರಾಹಿಮಣ್ಣ ವಿಟ್ಲದವರು, ಇಪ್ಪತ್ತು ವರ್ಷದಿಂದ ಸೌದಿಯ ಈ ಯಾನ್ಬುವಿನಲ್ಲಿ ಗಾಡಿ ಓಡಿಸುವವರು. ಗಾಡಿ ಆ ಗೇಟಿನ ಎದುರು ನಿಂತಾಗ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಟೀಚರಿಗೆ ನೆನಪುಂಟಲ್ಲ ಈ ಜಾಗೆ?" ಎಂದರು.

ಮೆಷಿನ್ ಇದ್ದದ್ದು ಒಂಬತ್ತನೇ ವಿಲ್ಲಾದ ಅಡುಗೆಮನೆಯಲ್ಲಿ. ಗಂಡಸರಿಬ್ಬರೂ ಪೈಪು ಕಳಚುವುದರಲ್ಲಿ ಮುಳುಗಿದರು. ಪಕ್ಕದಲ್ಲೊಂದು ಬಿಳಿ ಓವನ್. ನನ್ನ ಕೈ ತಾನಾಗಿಯೇ ಹೋಗಿ ಅದರ ಬಾಗಿಲು ತೆಗೆಯಿತು. ಒಳಗೆ ಸುಟ್ಟ ಚೀಸಿನ, ಮರಗೆಣಸಿನ ಹಿಟ್ಟಿನ ವಾಸನೆ ಮಂದವಾಗಿ ಇನ್ನೂ ಉಳಿದಿತ್ತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಮೂರು ವರ್ಷದಿಂದ ಈ ರಸ್ತೆಗೇ ಕಾಲಿಡದೆ ತಪ್ಪಿಸಿಕೊಂಡು ತಿರುಗಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ಮೂರು ವರ್ಷದ ಹಿಂದಿನ ಆ ಜನವರಿಯಲ್ಲಿ ನಾನು ಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಅದರ ಹಿಂದಿನ ಜೂನ್‌ನಲ್ಲಿ ಅನಘಾಳನ್ನು ಊರಿನ ಒಂದು ಹಾಸ್ಟೆಲ್ ಕಾಲೇಜಿಗೆ ಹಾಕಿದ್ದೆವು. ಹಾಕಿದ್ದೆವು ಎಂದು ಬರೆಯುವುದು ಅಭ್ಯಾಸಬಲ, ಹಾಕಿದವಳು ನಾನು. ಇಲ್ಲಿಯ ಇಂಡಿಯನ್ ಶಾಲೆಯಲ್ಲೇ ಓದಬಹುದಿತ್ತು. ಡಾಕ್ಟರ್ ಆಗಬೇಕಾದರೆ ಊರಿನ ಕೋಚಿಂಗೇ ಆಗಬೇಕು ಎಂದು ಹಟ ಹಿಡಿದು, ಅವಳ ಟ್ರಂಕಿಗೆ ನಾನೇ ಹೆಸರು ಬರೆದು ಬಿಟ್ಟು ಬಂದಿದ್ದೆ. ಭಾನುವಾರ ಹದಿನೈದು ನಿಮಿಷ ಫೋನು ಕೊಡುತ್ತಿದ್ದರು. "ಚೆನ್ನಾಗಿದ್ದೇನೆ ಅಮ್ಮ. ಊಟ ಅಡ್ಡಿಲ್ಲ. ಓದ್ಲಿಕ್ಕೆ ತುಂಬ ಉಂಟು" ಎಂದು ಅವಳು ಹೇಳುತ್ತಿದ್ದಳು. ಪ್ರತಿ ವಾರ ಅದೇ ಮೂರು ಮಾತು. ಮಗಳು ಹೊಂದಿಕೊಂಡಳು ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ.

ಆಗ ಇವರ ಪ್ಲಾಂಟಿನಲ್ಲಿ ದೊಡ್ಡ ರಿಪೇರಿ ಕೆಲಸಕ್ಕೆಂದು ಬ್ರೆಜಿಲಿನವರ ಒಂದು ತಂಡ ಬಂದಿತ್ತು. ಮೂರು ವರ್ಷದ ಕೆಲಸ, ಹಾಗಾಗಿ ಹೆಂಡತಿ ಮಕ್ಕಳನ್ನೂ ಕರೆತಂದಿದ್ದರು. ಮಕ್ಕಳಿಗಾಗಿ ಕಾಂಪೌಂಡಿನ ಒಂಬತ್ತನೇ ವಿಲ್ಲಾವನ್ನೇ ಶಾಲೆ ಮಾಡಿಕೊಂಡಿದ್ದರು. ಹದಿನಾಲ್ಕು ಮಕ್ಕಳು, ಮಾರ್ಸಿಯಾ ಎಂಬ ಒಬ್ಬರೇ ಟೀಚರು, ಐದನೇ ತರಗತಿಯವರೆಗೆ ಪಾಠ, ಎಲ್ಲವೂ ಪೋರ್ಚುಗೀಸಿನಲ್ಲಿ. ವಾರಕ್ಕೆ ಮೂರು ದಿನ ಬಂದು ಇಂಗ್ಲಿಷ್ ಕಲಿಸುವವರು ಬೇಕಾಗಿದ್ದರು. ಕಾರ್ಕಳದ ಹೈಸ್ಕೂಲಿನಲ್ಲಿ ನಾನು ಒಂಬತ್ತು ವರ್ಷ ಇಂಗ್ಲಿಷ್ ಟೀಚರಾಗಿದ್ದವಳು. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ವಿಷಯಕ್ಕೆ ಫೇಲಾದವರು ಬೆರಳೆಣಿಕೆಯಷ್ಟು. ಈ ಜಂಬವನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಇದರದೇ ಕತೆ.

ಮೊದಲ ದಿನ ಬಾಗಿಲು ತೆರೆದದ್ದೇ ಹದಿನಾಲ್ಕು ಮಕ್ಕಳು ಚಪ್ಪಾಳೆ ತಟ್ಟಿದರು. ಗೋಡೆಗೆ ಬಣ್ಣದ ಕಾಗದ, ಅದರ ಮೇಲೆ ನನ್ನ ಹೆಸರು. ನನ್ನ ಹೆಸರು ವಸಂತಿ. ಅವರ ಬಾಯಲ್ಲಿ ಅದು ವಸಾಂಚಿ ಆಯಿತು. ಅಲ್ಲಿ ಟೀಚರನ್ನು ಮಕ್ಕಳು ಅತ್ತೆ, ಚಿಕ್ಕಮ್ಮ ಎಂಬ ಅರ್ಥದಲ್ಲಿ ಚಿಯಾ ಎಂದು ಕರೆಯುತ್ತಾರಂತೆ. ಹಾಗಾಗಿ ನಾನು ಚಿಯಾ ವಸಾಂಚಿ. ಸ್ವಾಗತಕ್ಕೆ ನಾಲ್ಕು ಮಾತು ಬರೆದುಕೊಂಡು ಹೋಗಿದ್ದೆ, ಓದಲು ಯಾರೂ ಬಿಡಲಿಲ್ಲ. ಸಾಲಾಗಿ ಬಂದು ಒಬ್ಬೊಬ್ಬರಾಗಿ ಅಪ್ಪಿಕೊಂಡರು, ಕೆನ್ನೆಗೆ ಮುತ್ತು ಕೊಟ್ಟರು. ಮಕ್ಕಳಾದ ಮೇಲೆ ತಾಯಂದಿರು. ಒಂಬತ್ತು ವರ್ಷದ ಸರ್ವಿಸಿನಲ್ಲಿ ಒಂದು ಮಗುವನ್ನೂ ಅಪ್ಪಿಕೊಂಡವಳಲ್ಲ ನಾನು. ಕೈ ಎಲ್ಲಿಡುವುದೆಂದೇ ತಿಳಿಯದೆ ಎರಡೂ ಕೈಯಲ್ಲಿ ಬ್ಯಾಗನ್ನು ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಓವನ್ನಿನಿಂದ ಆಗಷ್ಟೇ ತೆಗೆದ ಚೀಸಿನ ಉಂಡೆಗಳು ಬಂದವು, ಮರಗೆಣಸಿನ ಹಿಟ್ಟಿನವು. ನಾವೂ ಮರಗೆಣಸು ತಿನ್ನುವವರೇ ಎಂದು ಅಭಿನಯ ಮಾಡಿ ತೋರಿಸಿದಾಗ ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು. ನಾನು ಏಳು ಉಂಡೆ ತಿಂದೆ. ಜೂನ್ ಆದ ಮೇಲೆ ಹೊಟ್ಟೆ ತುಂಬ ತಿಂದದ್ದು ಅಂದೇ.

ಹೊರಡುವಾಗ ತಪ್ಪು ಮಾಡಿದೆ. ಎಲ್ಲರಿಗೂ ಕೈಬೀಸಿ, ನಮ್ಮಲ್ಲಿ ಮಾಡುವ ಹಾಗೆ ಯಾರಿಗೂ ತೊಂದರೆ ಬೇಡವೆಂದು ಬಾಗಿಲನ್ನು ನಾನೇ ತೆಗೆದೆ. ಮಕ್ಕಳು ಕಿರುಚಿಕೊಂಡು ಓಡಿಬಂದರು. ತೆಳ್ಳಗೆ ಉದ್ದಕ್ಕಿದ್ದ ಒಬ್ಬಳು ಹುಡುಗಿ ನನ್ನ ತೋಳು ಹಿಡಿದು ಒಳಗೆಳೆದು, ಬಾಗಿಲು ಹಾಕಿ, ನನ್ನನ್ನು ಪುನಃ ಕುರ್ಚಿಯಲ್ಲಿ ಕೂರಿಸಿದಳು. ಮಾರ್ಸಿಯಾ ನಗುತ್ತಾ ವಿವರಿಸಿದರು: ಬಂದವರು ಹೋಗುವಾಗ ಬಾಗಿಲನ್ನು ತಾವೇ ತೆಗೆಯಬಾರದು, ತೆಗೆದರೆ ಮತ್ತೆ ಬರುವುದಿಲ್ಲ, ಮನೆಯವರೇ ತೆಗೆದು ಕಳಿಸಬೇಕು. ನಮ್ಮಲ್ಲಿಯೂ ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು ಎಂದೆ. ಆ ಉದ್ದದ ಹುಡುಗಿ ಒಂದು ನಿಮಿಷ ಕಾದು, ಗಂಭೀರವಾಗಿ ಎದ್ದು ಹೋಗಿ ಬಾಗಿಲು ತೆರೆದಳು. ಅಂದಿನಿಂದ ನನಗೆ ಬಾಗಿಲು ತೆಗೆಯುವ ಕೆಲಸ ಅವಳದೇ ಆಯಿತು. ಅವಳ ಹೆಸರು ಲುವಾನಾ, ಹನ್ನೊಂದು ವರ್ಷ.

ಹೊರಗೆ ಲುವಾನಾಳ ಅಪ್ಪ ನಿಂತಿದ್ದರು. ಸೆರ್ಜಿಯೊ, ಇವರ ಪ್ಲಾಂಟಿನಲ್ಲೇ ಪೈಪಿನ ಕೆಲಸದ ಸೂಪರ್‌ವೈಸರ್. ಕೆಲಸದ ಬಟ್ಟೆಯಲ್ಲೇ ಬಂದಿದ್ದರು, ಹೆಲ್ಮೆಟ್ ಕಂಕುಳಲ್ಲಿತ್ತು. ಅವರಿಗೆ ಬರುತ್ತಿದ್ದದ್ದು ಕೆಲಸದ ಜಾಗದ ಇಂಗ್ಲಿಷ್, ಅದರಲ್ಲೇ ಹೇಳಿದರು. ಲುವಾನಾಳ ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಈ ಶಾಲೆ ಐದನೆಯವರೆಗೆ ಮಾತ್ರ. ಜೂನ್‌ಗೆ ಅವಳದು ಮುಗಿಯುತ್ತದೆ. ಇಲ್ಲೇ ಉಳಿಯಬೇಕಾದರೆ ಪಟ್ಟಣದ ಇಂಟರ್‌ನ್ಯಾಶನಲ್ ಶಾಲೆಗೆ ಸೇರಬೇಕು. ಅಲ್ಲಿ ಮೇ ತಿಂಗಳಲ್ಲಿ ಇಂಗ್ಲಿಷಿನಲ್ಲಿ ಸಂದರ್ಶನ. ಅವರಿಗೆ ದಿನಕ್ಕೆ ಹನ್ನೆರಡು ಗಂಟೆ ಕೆಲಸ, ಶಾಲೆಯಿಲ್ಲದ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡುವಂತಿಲ್ಲ. "ಟೀಚರ್, ಅವಳು ಪಾಸಾದರೆ ನನ್ನ ಹತ್ತಿರ. ಪಾಸಾಗದಿದ್ದರೆ ಬ್ರೆಜಿಲಿಗೆ, ನನ್ನ ಅಕ್ಕನ ಹತ್ತಿರ. ನನಗೆ ಇನ್ನೂ ಮೂರು ವರ್ಷ ಇಲ್ಲೇ" ಎಂದರು. ಹೇಳುತ್ತಾ ಹೆಲ್ಮೆಟ್ಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದರು.

ಮಗಳನ್ನು ಟ್ರಂಕಿನೊಂದಿಗೆ ಬಿಟ್ಟು ಬಂದವಳ ಹತ್ತಿರ ಬಂದು ಹೀಗೆ ಕೇಳಿದರು. ಪಾಸು ಮಾಡಿಸುತ್ತೇನೆ ಎಂದು ಮಾತು ಕೊಟ್ಟೆ.

ಲುವಾನಾ ಹುಟ್ಟಿದ ಊರು ಸಮುದ್ರದ ದಂಡೆಯದು. ಅವಳು ಬಾಯಿಬಡುಕಿ. ಇಂಗ್ಲಿಷಿನ ಹತ್ತಿಪ್ಪತ್ತು ಪದ ಬರುತ್ತಿತ್ತು, ಅವನ್ನೇ ಹಿಡಿದುಕೊಂಡು ಕೈ ಕಾಲು ಎಲ್ಲ ಆಡಿಸಿ ಏನನ್ನಾದರೂ ಹೇಳುತ್ತಿದ್ದಳು. ಒಂದು ದಿನ ನಮ್ಮನ್ನೆಲ್ಲ ಸಮುದ್ರದ ಬದಿಗೆ ಕರೆದುಕೊಂಡು ಹೋಗಿದ್ದರು. ಯಾನ್ಬುವಿನಲ್ಲಿ ಅಲೆಯೆಂಬುದು ಹೆಸರಿಗೆ ಮಾತ್ರ. ಅವಳು ದಂಡೆಯಲ್ಲಿ ನಿಂತು, "ದಿಸ್ ಸೀ ಸ್ಲೀಪ್, ಚಿಯಾ. ಮೈ ಸೀ ನೋ ಸ್ಲೀಪ್" ಎಂದಳು. ನನಗೂ ಇಲ್ಲಿಗೆ ಬಂದ ಮೊದಲ ವರ್ಷ ಹಾಗೇ ಅನಿಸಿತ್ತು, ಮಲ್ಪೆಯ ಕಡಲು ನೋಡಿದವಳಿಗೆ ಇದೆಂತ ಕಡಲು ಎಂದು. ಅದನ್ನು ಅವಳಿಗೆ ಹೇಳಬೇಕಿತ್ತು. ನಾನು ಹೇಳಿದ್ದು, ಹಾಗಲ್ಲ, ಸರಿಯಾಗಿ ಹೇಳು ಎಂದು. ಅವಳು ಸರಿಯಾಗಿ ಹೇಳಿದಳು, ಮತ್ತೆ ಸಮುದ್ರದ ಮಾತು ಎತ್ತಲಿಲ್ಲ.

ನಾಲ್ಕು ತಿಂಗಳಲ್ಲಿ ಭಾಷೆ ಕಲಿಸಲಿಕ್ಕಾಗುವುದಿಲ್ಲ, ಪಾಸಾಗುವುದನ್ನು ಕಲಿಸಬಹುದು. ಕಾರ್ಕಳದಲ್ಲಿ ನಾನು ಮಾಡಿದ್ದೂ ಅದನ್ನೇ. ಸಂದರ್ಶನದಲ್ಲಿ ಕೇಳಬಹುದಾದ ನಲವತ್ತು ಪ್ರಶ್ನೆ ಬರೆದೆ, ನಲವತ್ತು ಉತ್ತರ ಬರೆದೆ, ನಂಬರು ಹಾಕಿದೆ, ಬಾಯಿಪಾಠಕ್ಕೆ ಕೂರಿಸಿದೆ. ಮೂರನೆಯದು ನನ್ನ ತಂದೆ, ಏಳನೆಯದು ನನ್ನ ಇಷ್ಟದ ಹಬ್ಬ, ಹನ್ನೊಂದನೆಯದು ರಜಾದಿನದ ಪ್ರವಾಸ. ಇಂಥ ಉತ್ತರಗಳನ್ನು ಹೇಳಿಕೊಂಡೇ ನಮ್ಮ ಊರಿನ ಎಷ್ಟು ಮಕ್ಕಳು ದಡ ಸೇರಿಲ್ಲ?

ಮಾರ್ಸಿಯಾಗೆ ಇದು ಹಿಡಿಸಲಿಲ್ಲ. ಒಂದು ದಿನ ಕಾಫಿ ಕೊಟ್ಟು ಮೆಲ್ಲಗೆ, "ಅವಳು ತುಂಬ ಮಾತಾಡುವವಳು. ಮಾತಾಡಲು ಬಿಡಿ" ಎಂದರು.

"ತಪ್ಪು ತಪ್ಪು ಮಾತಾಡಿದರೆ ಸೀಟು ಕೊಡ್ತಾರಾ?" ಎಂದೆ ನಾನು. ನನ್ನ ದನಿ ಗಡಸಾಗಿತ್ತೆಂದು ಆಮೇಲೆ ಗೊತ್ತಾಯಿತು, ಏಕೆಂದರೆ ಅವರು ಕ್ಷಮೆ ಕೇಳಿದರು.

ಫೆಬ್ರವರಿಯಲ್ಲಿ ಹದಿನೈದು ಉತ್ತರ ಬಂತು. ರಮ್ಜಾನ್ ಶುರುವಾಗಿ ಇಲ್ಲಿಯ ಗಡಿಯಾರವೇ ತಿರುಗಿ ಹೋಯಿತು. ಪಾಠದ ಗಂಟೆ ಕಡಿಮೆಯಾದ್ದರಿಂದ ನಾನು ಲುವಾನಾಳನ್ನು ಪಿಕಪ್ಪಿನಲ್ಲಿ ಮನೆಗೆ ಕರೆತಂದು ಕೂರಿಸುತ್ತಿದ್ದೆ. ನಮ್ಮ ಊಟದ ಮೇಜಿನಲ್ಲಿ, ಅನಘಾ ಓದುತ್ತಿದ್ದ ಕುರ್ಚಿಯಲ್ಲೇ. ಮಾರ್ಚ್ ಕೊನೆಗೆ ಧೂಳಿನ ಗಾಳಿ ಎದ್ದಿತು. ಮೂರು ದಿನ ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ ಮೂವತ್ತನೆಯ ಉತ್ತರದವರೆಗೆ ಹೋದೆವು. ಅವಳು ಅಂಗಿಯ ತೋಳನ್ನು ಕಚ್ಚುವುದು ಕಲಿತಳು. ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಿದ್ದಳಂತೆ. ನಾನು ಕಟ್ಟುನಿಟ್ಟು ಬಿಡಲಿಲ್ಲ. ಬಿಡುವುದಕ್ಕೆ ಹೆದರಿಕೆ. ಅಡುಗೆ ಮಾಡುವಾಗ, ತಲೆ ಬಾಚುವಾಗ ಅವಳ ನಲವತ್ತು ಉತ್ತರ ನನ್ನ ಬಾಯಲ್ಲಿ ಓಡುತ್ತಿತ್ತು. ಈ ಹುಡುಗಿಯನ್ನು ಅಪ್ಪನ ಹತ್ತಿರ ಉಳಿಸಿದರೆ ನಾನು ಮಾಡಿದ ಏನೋ ಒಂದು ಮಾಫಿ ಆಗುತ್ತದೆ ಎಂಬುದು ಮನಸ್ಸನ್ನು ಹೊಕ್ಕಿತ್ತು. ಯಾವುದು ಮಾಫಿ ಆಗಬೇಕು ಎಂದು ಕೇಳಿಕೊಳ್ಳಲು ಧೈರ್ಯವಿರಲಿಲ್ಲ.

ಇಬ್ರಾಹಿಮಣ್ಣ ಒಮ್ಮೆ ಅವಳನ್ನು ಬಿಟ್ಟು ಬರುವಾಗ ಹೇಳಿದರು, "ಟೀಚರೇ, ಈ ಮಗು ಮೊದ್ಲು ಗಾಡಿ ಹತ್ತಿದ್ರೆ ಬಾಯಿ ಮುಚ್ತಿರ್ಲಿಲ್ಲ. ಈಗ ಎಂತ, ಮದ್ರಸಾದ ಮಕ್ಕಳ ಹಾಗೆ ತುಟಿ ಆಡಿಸ್ತಾ ಕೂತಿರ್ತದೆ."

"ಪರೀಕ್ಷೆ ಮುಗಿಲಿ ಇಬ್ರಾಹಿಮಣ್ಣ. ಆಮೇಲೆ ಎಷ್ಟು ಬೇಕಾದ್ರೂ ಮಾತಾಡ್ಲಿ" ಎಂದೆ.

ಸಂದರ್ಶನದ ದಿನ ಸೆರ್ಜಿಯೊ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಇಬ್ರಾಹಿಮಣ್ಣನ ಗಾಡಿಯಲ್ಲೇ ಹೋದೆವು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಒಂದು ಸಣ್ಣ ಲಾರಿ ಬಂದು ನಿಂತಿತು. ಹಿಂದೆ ಒಂದು ಒಂಟೆ ಕಾಲು ಮಡಚಿ ಕುಳಿತು, ತಲೆ ಎತ್ತಿ, ಯಾರನ್ನೂ ಲಕ್ಷ್ಯ ಮಾಡದೆ ಮುಂದೆ ನೋಡುತ್ತಿತ್ತು. ಎಷ್ಟೋ ವಾರದ ಮೇಲೆ ಲುವಾನಾ ನಕ್ಕಳು. ನನ್ನ ಸೆರಗು ಜಗ್ಗಿ, "ಚಿಯಾ, ಕ್ಯಾಮೆಲ್ ಗೋ ಆಫೀಸ್" ಎಂದಳು. ಇಬ್ರಾಹಿಮಣ್ಣನಿಗೂ ನಗು ಬಂತು. ನಾನು, "ಈಗ ಅದೆಲ್ಲ ಬೇಡ. ಹನ್ನೊಂದನೆಯದು ಹೇಳು" ಎಂದೆ. ಅವಳು ನಗು ನಿಲ್ಲಿಸಿ ಹನ್ನೊಂದನೆಯದು ಹೇಳಿದಳು, ಒಂದು ತಪ್ಪಿಲ್ಲದೆ.

ಒಳಗೆ ಹೋದಾಗ ಆ ಶಾಲೆಯ ಮುಖ್ಯಸ್ಥೆ ಮೇಜಿನ ಹಿಂದೆ ಕೂರದೆ ಲುವಾನಾಳ ಪಕ್ಕದ ಕುರ್ಚಿಗೇ ಬಂದು ಕುಳಿತರು. ಬಿಳಿಕೂದಲಿನ, ಸೌಮ್ಯ ದನಿಯ ಹೆಂಗಸು. ಕಾಗದ ಪೆನ್ನು ಏನೂ ಇರಲಿಲ್ಲ. ಮೊದಲ ಪ್ರಶ್ನೆ ಕೇಳಿದರು: "ಇವತ್ತು ಇಲ್ಲಿಗೆ ಬರುವಾಗ ದಾರಿಯಲ್ಲಿ ಏನು ನೋಡಿದೆ?"

ಆ ಪ್ರಶ್ನೆ ನಲವತ್ತರಲ್ಲಿ ಇರಲಿಲ್ಲ. ಲುವಾನಾ ನನ್ನ ಕಡೆ ನೋಡಿದಳು. ಹೇಳು, ಒಂಟೆಯದು ಹೇಳು ಎಂದು ನನ್ನ ಕಣ್ಣಿನಲ್ಲೇ ಕೂಗಿದೆ. ಆದರೆ ನಾಲ್ಕು ತಿಂಗಳಿಂದ ಅವಳಿಗೆ ನನ್ನ ಕಣ್ಣು ಹೇಳುತ್ತಿದ್ದದ್ದು ಒಂದೇ, ನಂಬರು ತಪ್ಪಬೇಡ ಎಂದು. ದಾರಿ ಎಂದರೆ ಪ್ರವಾಸ ಎಂದು ಅವಳು ಲೆಕ್ಕ ಹಾಕಿರಬೇಕು. ಬೆನ್ನು ನೆಟ್ಟಗೆ ಮಾಡಿ ಹನ್ನೊಂದನೆಯ ಉತ್ತರ ಶುರುಮಾಡಿದಳು. ರಜಾದಿನಗಳಲ್ಲಿ ನಾವು ಸಮುದ್ರ ತೀರಕ್ಕೆ ಹೋಗುತ್ತೇವೆ, ಅದು ಬಹಳ ಮನೋಹರವಾಗಿದೆ.

"ಹೌದಾ? ಇವತ್ತು ಹೋಗಿದ್ರಾ?" ಎಂದು ಮುಖ್ಯಸ್ಥೆ ನಕ್ಕು ಕೇಳಿದರು. ಲುವಾನಾ ಹನ್ನೆರಡನೆಯದು ಹೇಳಿದಳು. ಅವರು ಇನ್ನೂ ಸುಲಭದ ಏನೋ ಕೇಳಿದರು, ಇವಳು ಹದಿಮೂರಕ್ಕೆ ಹೋದಳು. ಪದಗಳೆಲ್ಲ ನನ್ನವು, ರಾಗವೂ ನನ್ನದೇ, ಮಾತು ಮುಗಿಸುವಾಗ ನಾನು ಕತ್ತು ಆಡಿಸುವ ಚಾಳಿಯೂ ಹಾಗೆಯೇ ಬಂದಿತ್ತು. ಸೆರ್ಜಿಯೊಗೆ ಹೆಚ್ಚೇನೂ ಅರ್ಥವಾಗುತ್ತಿರಲಿಲ್ಲ. ಮಗಳ ಇಂಗ್ಲಿಷ್ ಕೇಳಿ ಅವರ ಮುಖ ಅರಳಿತ್ತು. ಹೊರಗೆ ಬಂದ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು ಥ್ಯಾಂಕ್ಯೂ ಹೇಳಿದರು. ಆ ಥ್ಯಾಂಕ್ಯೂವನ್ನು ನಾನು ಸಾಯುವವರೆಗೂ ಮರೆಯಲಾರೆ.

ಸೀಟಿಲ್ಲ ಎಂದು ಎರಡು ದಿನದಲ್ಲಿ ಇಮೇಲ್ ಬಂತು. ನಾನು ಯಾರಿಗೂ ಹೇಳದೆ ಆ ಶಾಲೆಗೆ ಹೋಗಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಕುಳಿತೆ. ಮುಖ್ಯಸ್ಥೆ ಒಳಗೆ ಕರೆದು ನೀರು ಕೊಟ್ಟರು. ಮಗುವಿನ ತಪ್ಪಲ್ಲ, ಕಲಿಸಿದ್ದು ನಾನು, ಇನ್ನೊಮ್ಮೆ ಕೇಳಿ ನೋಡಿ ಎಂದು ಬೇಡಿಕೊಂಡೆ. ಆ ದಿನ ಹೆಚ್ಚುಕಡಿಮೆ ಕಾಲಿಗೆ ಬಿದ್ದೆ.

"ನಮಗೆ ಒಳ್ಳೆಯ ಇಂಗ್ಲಿಷ್ ಬೇಕಿರಲಿಲ್ಲ. ಕೇಳಿದ್ದು ತಿಳಿಯುತ್ತದಾ, ತನ್ನದೇ ಹತ್ತು ತಪ್ಪು ಪದದಲ್ಲಾದರೂ ಉತ್ತರ ಕೊಡುತ್ತಾಳಾ ಎಂದು ನೋಡಬೇಕಿತ್ತು" ಎಂದರು ಅವರು. "ಅವಳು ಹೇಳಿದ್ದರಲ್ಲಿ ಅವಳು ಎಲ್ಲಿಯೂ ಸಿಗಲಿಲ್ಲ."

ನಾನು ಒಂಟೆಯ ವಿಷಯ ಹೇಳಿದೆ. ಅವರು ನನ್ನ ಲೋಟಕ್ಕೆ ಮತ್ತೆ ನೀರು ಹಾಕಿದರು. ಆಮೇಲೆ, ಆ ಸೀಟು ನಿನ್ನೆಯೇ ಇನ್ನೊಬ್ಬರಿಗೆ ಹೋಗಿದೆ, ಮುಂದಿನ ವರ್ಷ ಕರೆತನ್ನಿ ಎಂದರು. ಮುಂದಿನ ವರ್ಷದ ಮಾತು ಯಾರಿಗೆ ಬೇಕಿತ್ತು?

ಆ ಮಧ್ಯಾಹ್ನ ಊಟಕ್ಕೆ ಬಂದ ಇವರಿಗೆ ಗಂಜಿ ಬಡಿಸುತ್ತಾ ಹೇಳಿದೆ, "ಲುವಾನಾ ಹಗಲೆಲ್ಲ ನಮ್ಮ ಮನೆಯಲ್ಲಿ ಇರ್ಲಿ. ಒಂದು ವರ್ಷ ನಾನೇ ಕಲಿಸ್ತೇನೆ. ಸಂಜೆ ಅಪ್ಪ ಬಂದು ಕರ್ಕೊಂಡು ಹೋಗ್ಲಿ."

"ನಿನಗೆಂತ ಮರ್ಲಾ ಮಾರಾಯ್ತಿ?" ಎಂದರು ಇವರು. "ನಮ್ಮ ಮಗಳನ್ನೇ ಅಲ್ಲಿ ಬಿಟ್ಟು..." ಅಷ್ಟಕ್ಕೇ ನಿಲ್ಲಿಸಿದರು. ಗಂಜಿಗೆ ಉಪ್ಪು ಹಾಕಿಕೊಂಡರು, ಮತ್ತೊಮ್ಮೆ ಹಾಕಿಕೊಂಡರು, ಉಣ್ಣಲಿಕ್ಕಾಗದೆ ಬಟ್ಟಲು ಬದಿಗೆ ಸರಿಸಿದರು. ನಾನು ಸೆರ್ಜಿಯೊಗೆ ಫೋನು ಮಾಡಿ ಕೇಳಿಯೂ ಕೇಳಿದೆ. ಅಕ್ಕ ಆಗಲೇ ಕೋಣೆ ಸಿದ್ಧ ಮಾಡಿದ್ದಾಳೆ, ಅಲ್ಲಿಯ ಶಾಲೆಗೆ ಹೆಸರು ಕೊಟ್ಟಾಗಿದೆ ಎಂದರು. ಅವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನಾನು ಸ್ವಲ್ಪ ಬದುಕಿಕೊಳ್ಳುತ್ತಿದ್ದೆ.

ಭಾನುವಾರ ಅನಘಾಳ ಫೋನು ಬಂತು.

"ಚೆನ್ನಾಗಿದ್ದೇನೆ ಅಮ್ಮ. ಊಟ ಅಡ್ಡಿಲ್ಲ. ಓದ್ಲಿಕ್ಕೆ ತುಂಬ ಉಂಟು."

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹನ್ನೊಂದು ತಿಂಗಳಿಂದ ಕೇಳುತ್ತಿದ್ದ ಮಾತನ್ನು ಅಂದು ಮೊದಲ ಸಲ ಕೇಳಿಸಿಕೊಂಡೆ. ಒಂದು, ಎರಡು, ಮೂರು. ನಂಬರು ಹಾಕಿ ಹೇಳಿದ ಹಾಗೆ.

"ಇವತ್ತು ಮಧ್ಯಾಹ್ನ ಊಟಕ್ಕೆ ನಿನ್ನ ಹತ್ರ ಯಾರು ಕೂತಿದ್ರು?" ಎಂದು ಕೇಳಿದೆ.

"ಎಂತಕ್ಕೆ ಕೇಳುದು?" ಎಂದಳು.

"ಸುಮ್ಮನೆ. ಹೇಳು ಮಗಾ."

"ಯಾರೂ ಕೂತುಕೊಳ್ಳುದಿಲ್ಲ ಅಮ್ಮ" ಎಂದಳು. "ನನ್ನನ್ನು ಮಾರ್ಕ್ ಕಡಿಮೆ ಇದ್ದವರ ಸೆಕ್ಷನಿಗೆ ಹಾಕಿದ್ದಾರೆ. ನವೆಂಬರಿನಿಂದ ಯಾರೂ ಮಾತಾಡುದಿಲ್ಲ. ನೀನು ಕೇಳ್ತಿ ಅಂತ ಶನಿವಾರವೇ ಎಂತ ಹೇಳುದು ಅಂತ ಯೋಚಿಸಿ ಇಡ್ತೇನೆ."

ಹದಿನೈದು ನಿಮಿಷದಲ್ಲಿ ಹನ್ನೆರಡು ನಿಮಿಷ ಅವಳು ಅತ್ತಳು, ನಾನೂ ಅತ್ತೆ. ಇವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಹೋಗಿ ಕಪಾಟಿನಿಂದ ಪಾಸ್‌ಪೋರ್ಟುಗಳ ಕವರು ತೆಗೆದು ಮೇಜಿನ ಮೇಲಿಟ್ಟರು. ಅವಳ ಇಕಾಮಾ, ಅಂದರೆ ಇಲ್ಲಿಯ ವಾಸದ ಪರವಾನಗಿ, ಇನ್ನೂ ಚಾಲ್ತಿಯಲ್ಲಿತ್ತು, ವಾಪಸು ಬರುವ ವೀಸಾಕ್ಕೂ ದಿನ ಬಾಕಿಯಿತ್ತು. ಓದಿನಲ್ಲಿ ಒಂದು ವರ್ಷ ಹಿಂದೆ ಬೀಳುತ್ತದೆ ಎಂದು ನಮ್ಮಿಬ್ಬರಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಹಾಗೆ ಜೂನ್ ಕೊನೆಯ ವಾರ ಅನಘಾ ಬರುವುದೆಂದು ನಿಶ್ಚಯವಾಯಿತು. ಲುವಾನಾ ಹೋಗುವುದೂ ಅದೇ ವಾರ. ದೇವರಿಗೆ ಇಂಥ ಲೆಕ್ಕಾಚಾರ ಹೇಗೆ ತೋಚುತ್ತದೋ. ಒಬ್ಬಳಿಗೆ ಹಾಸಿಗೆಯ ಹೊದಿಕೆ ಒಗೆದು ಹಾಕುತ್ತಾ ಇನ್ನೊಬ್ಬಳಿಗೆ ಏನು ಕೊಟ್ಟು ಕಳಿಸಲಿ ಎಂದು ಯೋಚಿಸುತ್ತಿದ್ದೆ. ನನ್ನ ಮಗಳು ಬರುತ್ತಿರುವ ಖುಷಿಯನ್ನೂ ನೆಟ್ಟಗೆ ಅನುಭವಿಸಲಾಗಲಿಲ್ಲ, ನಾಚಿಕೆಯಾಗುತ್ತಿತ್ತು.

ಲುವಾನಾ ಹೊರಡುವ ದಿನ, ಮಧ್ಯಾಹ್ನ ಮೂರು ಗಂಟೆ. ಹೊರಗೆ ಬಿಸಿಲು ಎಂಬುದಕ್ಕಿಂತ ಬಿಸಿ ಹಬೆ. ಕನ್ನಡಕ ಕ್ಷಣದಲ್ಲಿ ಮಂಜಾಗುತ್ತಿತ್ತು. ಒಂಬತ್ತನೇ ವಿಲ್ಲಾದಲ್ಲಿ ಎಲ್ಲರೂ ಸೇರಿದ್ದರು. ಓವನ್ನಿನಿಂದ ಚೀಸಿನ ಉಂಡೆಗಳು ಬಂದವು, ನನ್ನ ಬಾಯಿಗೆ ಒಂದೂ ಹೋಗಲಿಲ್ಲ. ಮಕ್ಕಳು ಲುವಾನಾಳನ್ನು ಅಪ್ಪಿಕೊಂಡರು, ಮಾರ್ಸಿಯಾ ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಹೊರಗೆ ಇಬ್ರಾಹಿಮಣ್ಣನ ಗಾಡಿಯಲ್ಲಿ ಸಾಮಾನು ತುಂಬಿತ್ತು, ಸೆರ್ಜಿಯೊ ಅದರ ಪಕ್ಕ ಬಿಸಿಲಲ್ಲೇ ನಿಂತಿದ್ದರು. ಮಗಳನ್ನು ಬ್ರೆಜಿಲಿನವರೆಗೆ ಬಿಟ್ಟು ಹದಿನೈದು ದಿನದಲ್ಲಿ ಅವರೊಬ್ಬರೇ ವಾಪಸು ಬರುವವರಿದ್ದರು.

ಲುವಾನಾ ಬಾಗಿಲ ಹತ್ತಿರ ಬಂದು ನಿಂತಳು. ಮಕ್ಕಳು ತೆಗೆಯಲು ಓಡಿದರು. ಅವಳು ಕೈ ಅಡ್ಡ ಹಿಡಿದು ಎಲ್ಲರನ್ನೂ ತಡೆದಳು. ತಿರುಗಿ, ಹಿಂದೆ ಗೋಡೆಗಂಟಿ ನಿಂತಿದ್ದ ನನ್ನನ್ನು ನೋಡಿದಳು.

"ಚಿಯಾ, ಯು ಓಪನ್" ಎಂದಳು. "ಐ ಓಪನ್, ಐ ನೋ ಕಮ್ ಬ್ಯಾಕ್."

ತಪ್ಪು ತಿದ್ದಲು ನನ್ನ ಬಾಯಿ ತೆರೆಯಿತು. ಎಷ್ಟೋ ವರ್ಷದ ಚಾಳಿ. ಮುಚ್ಚಿಕೊಂಡೆ. ಆ ಮಾತು ನಲವತ್ತರಲ್ಲಿ ಇರಲಿಲ್ಲ, ನಾನು ಕಲಿಸಿದ್ದೂ ಅಲ್ಲ. ಇಂಥ ಸ್ವಂತ ಮಾತು ಅವಳ ಹತ್ತಿರ ಜನವರಿಯಲ್ಲೂ ಇತ್ತು, ಸಂದರ್ಶನದ ಕೋಣೆಗೆ ಹೋಗುವ ಐದು ನಿಮಿಷ ಮೊದಲೂ ಇತ್ತು. ಹಿಡಿ ತಿರುಗಿಸಿದೆ. ಬಾಗಿಲನ್ನು ಗೋಡೆಗೆ ತಾಗುವವರೆಗೆ ಪೂರ್ತಿ ತೆಗೆದೆ. ಅವಳು ನನ್ನನ್ನು ಅಪ್ಪಿಕೊಂಡಳು. ಕೈ ಎಲ್ಲಿಡಬೇಕೆಂದು ಆ ಹೊತ್ತಿಗೆ ನನಗೆ ಗೊತ್ತಾಗಿತ್ತು.

ಮೊದಲ ಕೆಲವು ತಿಂಗಳು ಅವಳ ದನಿಯ ಮೆಸೇಜು ಬರುತ್ತಿತ್ತು. ಆಮೇಲೆ ಪೋರ್ಚುಗೀಸಿನ ಪದಗಳೇ ಹೆಚ್ಚಾದವು, ಆಮೇಲೆ ಹಬ್ಬಕ್ಕೊಂದು ಚಿತ್ರ, ಆಮೇಲೆ ಅದೂ ಇಲ್ಲ. ನಾನು ಅವಳು ಹೋದ ಮುಂದಿನ ತಿಂಗಳಿನಿಂದಲೇ ವಿಲ್ಲಾದ ಶಾಲೆಗೆ ಹೋಗುವುದು ನಿಲ್ಲಿಸಿದೆ. ಅವರು ಬೇಡ ಎಂದಿರಲಿಲ್ಲ. ಸೆರ್ಜಿಯೊ ತಮ್ಮ ಮೂರು ವರ್ಷ ಮುಗಿಸಿ ಕಳೆದ ತಿಂಗಳು ತಂಡದವರೊಂದಿಗೆ ಹೋದರೆಂದು ಇವರು ಹೇಳಿದರು. ಇನ್ನು ಲುವಾನಾ ಯಾನ್ಬುವಿಗೆ ಬರಲು ಯಾವ ಕಾರಣವೂ ಉಳಿದಿಲ್ಲ. ಅಂದು ಬಾಗಿಲು ತೆಗೆದದ್ದರಲ್ಲಿ ಮಾತ್ರ ನಾನು ಏನೂ ತಪ್ಪು ಮಾಡಿರಲಿಲ್ಲ.

ಮೆಷಿನ್ನನ್ನು ಗಂಡಸರು ಅಡುಗೆಮನೆಯ ಹಿಂಬಾಗಿಲಿನಿಂದ ಸಾಗಿಸಿಕೊಂಡು ಹೋದರು. ನಾನು ಎದ್ದು ಮುಂದಿನ ಕೋಣೆಗೆ ಬಂದೆ. ಗೋಡೆಯಲ್ಲಿ ಬಣ್ಣದ ಕಾಗದ ಅಂಟಿಸಿದ್ದ ಗುರುತು ಇನ್ನೂ ಇತ್ತು. ಬಾಗಿಲು ಗಾಳಿಗೆ ಮುಚ್ಚಿಕೊಂಡಿತ್ತು. ಅದರ ಎದುರು ನಿಂತೆ. ಎಷ್ಟು ಹೊತ್ತು ನಿಂತೆನೋ, ಇಬ್ರಾಹಿಮಣ್ಣ ಎರಡು ಸಲ ಹಾರ್ನ್ ಹೊಡೆದರು.

"ಎಂತ ಅಮ್ಮ, ಒಳಗೇ ಬಾಕಿಯಾ?" ಹೊರಗಿನಿಂದ ಅನಘಾಳ ದನಿ. "ಲಾಕ್ ಇಲ್ಲ ಅದಕ್ಕೆ. ತೆಗಿ."

"ನೀನೇ ತೆಗಿ" ಎಂದೆ.

ಅವಳು ತೆಗೆದಳು. ಬಿಸಿಲು ಒಳಗೆ ಬಂತು. "ಎಂತಕ್ಕೆ ನಾನೇ ತೆಗೀಬೇಕು?" ಎಂದು ಕೇಳಿದಳು.

"ನಾನೇ ತೆಗೆದ್ರೆ ಇಲ್ಲಿಗೆ ಮತ್ತೆ ಬರ್ಲಿಕ್ಕಿಲ್ಲ" ಎಂದೆ.

ಅವಳು ನನ್ನ ಭುಜದ ಮೇಲಿನಿಂದ ಖಾಲಿ ಕೋಣೆಯನ್ನು ಇಣುಕಿ ನೋಡಿದಳು. "ಇಲ್ಲಿ ಯಾರಿದ್ದಾರೆ ಅಮ್ಮ, ಮತ್ತೆ ಬರ್ಲಿಕ್ಕೆ?"

ಅವಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದೆ. ಬಾಗಿಲು ಹಾಕಲು ಅವಳು ತಿರುಗಿದಳು, ನಾನು ಬೇಡವೆಂದೆ.